ಶಾಲೆಗೆ ಟಿ.ವಿ. ಕೊಡುವ ಮುನ್ನ ಮೇಷ್ಟ್ರನ್ನು ಕೇಳಿ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಂಧುಗಳೇ,

ಓದಿದ ಶಾಲೆಗೆ ಏನಾದರೂ ಮಾಡಬೇಕೆನ್ನುವ ಮನಸ್ಸಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಗಳು, ಊರ ಯುವಕ ಸಂಘದವರು, ಪಂಚಾಯಿತಿ ಸದಸ್ಯರು ಹಣ ಕೂಡಿಸಿ ಸ್ಮಾರ್ಟ್ ಟಿ.ವಿ., ಪ್ರೊಜೆಕ್ಟರ್, ಟ್ಯಾಬ್ ತಂದುಕೊಡುತ್ತಾರೆ. ಹಾರ, ಫೋಟೊ, ಭಾಷಣ ಎಲ್ಲ ಆಗುತ್ತದೆ. ಆರು ತಿಂಗಳಾದ ಮೇಲೆ ಹೋಗಿ ನೋಡಿದರೆ ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ, ಇಂಟರ್ನೆಟ್ ರೀಚಾರ್ಜ್ ಮುಗಿದಿರುತ್ತದೆ, ಟ್ಯಾಬ್‌ಗಳು ಕಳವಾದಾವೆಂಬ ಭಯಕ್ಕೆ ಬೀರುವಿನೊಳಗೆ ಸೇರಿರುತ್ತವೆ. ಇದಕ್ಕೆ ಶಿಕ್ಷಕರನ್ನು ಬೈಯುವುದು ಸುಲಭ. ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದವನಾಗಿ ಹೇಳುತ್ತೇನೆ, ಬಹುಪಾಲು ಕಡೆ ಅವರನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ.

ಕೊಡಬೇಡಿ ಎನ್ನುತ್ತಿಲ್ಲ. ಕೊಡುವ ಮುನ್ನ ಆ ಶಾಲೆಯ ಮೇಷ್ಟ್ರು, ಮೇಡಂಗಳ ಜೊತೆ ಒಂದು ಮಧ್ಯಾಹ್ನ ಕೂತು, ಯಾವ ತರಗತಿಯ ಯಾವ ಪಾಠ ಮಕ್ಕಳ ತಲೆಗೆ ಹತ್ತುತ್ತಿಲ್ಲ ಎಂದು ಕೇಳಿ. ಯಾವ ಸಾಧನ ಬೇಕು, ಬೇಕೋ ಬೇಡವೋ ಎಂಬುದು ಆ ಉತ್ತರದಿಂದ ಗೊತ್ತಾಗುತ್ತದೆ.

ಒಂದು ಪಾಠವನ್ನೇ ನೋಡೋಣ. ಹತ್ತನೇ ತರಗತಿಯಲ್ಲಿ ವಿದ್ಯುಚ್ಛಕ್ತಿ ಬರುತ್ತದೆ. ಮಳವಳ್ಳಿ ತಾಲ್ಲೂಕಿನ ಮಗುವಿಗೆ ಅದು ಮನೆಯ ಪಾಠ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತೆಗೆದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ತಲುಪಿತು. ಗಗನಚುಕ್ಕಿ ಜಲಪಾತವನ್ನು, ಅಲ್ಲಿನ ವಿದ್ಯುದಾಗಾರವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬಹುದು. ಆದರೆ ತಂತಿಯೊಳಗೆ ಏನು ನಡೆಯುತ್ತದೆ, ರೋಧ ಹೆಚ್ಚಿದರೆ ಬಲ್ಬು ಏಕೆ ಮಂಕಾಗುತ್ತದೆ ಎಂಬುದನ್ನು ಯಾವ ಪ್ರವಾಸವೂ ತೋರಿಸದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ‘ಫೆಟ್’ ಎಂಬ ಉಚಿತ ಪ್ರಯೋಗಮಾಲೆ ಅದನ್ನು ಪರದೆಯ ಮೇಲೆ ತೋರಿಸುತ್ತದೆ. ಬ್ಯಾಟರಿ, ತಂತಿ, ಬಲ್ಬನ್ನು ಮಕ್ಕಳೇ ಜೋಡಿಸುತ್ತಾರೆ, ತಪ್ಪಿದರೆ ಬಿಚ್ಚಿ ಮತ್ತೆ ಜೋಡಿಸುತ್ತಾರೆ. ಯಾರಿಗೂ ಶಾಕ್ ಹೊಡೆಯುವುದಿಲ್ಲ.

ಗಣಿತಕ್ಕೆ ಜಿಯೋಜೀಬ್ರಾ ಎಂಬ ತಂತ್ರಾಂಶ ಇದೆ, ಅದೂ ಉಚಿತ. ಒಂದೇ ಪಾದದ ಮೇಲೆ, ಅವೇ ಎರಡು ಸಮಾಂತರ ರೇಖೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಸಮ ಎಂಬುದನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ತುದಿಯ ಬಿಂದುವನ್ನು ಬೆರಳಿನಿಂದ ಆ ಕಡೆ ಈ ಕಡೆ ಎಳೆದಾಗ ಆಕಾರ ಎಷ್ಟು ವಾಲಿದರೂ ವಿಸ್ತೀರ್ಣದ ಅಂಕಿ ಕದಲದೆ ನಿಂತರೆ, ಹಿಂದಿನ ಬೆಂಚಿನ ಹುಡುಗನೂ ‘ಅದ್ಯಾಕೆ ಸಾ?’ ಎನ್ನುತ್ತಾನೆ. ಆ ಪ್ರಶ್ನೆ ಬಂದ ಮೇಲೆ ಟಿ.ವಿ. ಆರಿಸಿ, ಟೇಪು ಹಿಡಿದು ಪಕ್ಕದ ಕಬ್ಬಿನ ಗದ್ದೆಗೆ ಮಕ್ಕಳನ್ನು ಕರೆದೊಯ್ಯುವುದು ಮೇಷ್ಟ್ರ ಕೆಲಸ. ನಾಟಿ ಹಾಕುವ ಗದ್ದೆ ಕಾಂಪೌಂಡಿನ ಆಚೆಗೇ ಇರುವಾಗ ನಾಟಿಯ ವಿಡಿಯೊ ಹಾಕಿ ಕೂರಿಸುವುದು ಮಕ್ಕಳ ಹೊತ್ತನ್ನು ಹಾಳು ಮಾಡಿದಂತೆ.

ಫೆಟ್, ಜಿಯೋಜೀಬ್ರಾ ಎರಡನ್ನೂ ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆದುಕೊಳ್ಳುವ ದೀಕ್ಷಾ ಆ್ಯಪ್‌ನ ಪಾಠಗಳನ್ನೂ ಹೀಗೆ ಇಳಿಸಿಟ್ಟುಕೊಳ್ಳಬಹುದು. ಸಿಗ್ನಲ್ ಸಿಗದ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲ. ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರೇ, ಇಲ್ಲಿ ನಿಮ್ಮ ಕೈ ಬೇಕು. ಒಂದು ಶನಿವಾರ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಇವನ್ನು ಹಾಕಿಕೊಡಿ, ಕೆಟ್ಟು ಕೂತ ಕಂಪ್ಯೂಟರ್ ಸರಿಪಡಿಸಿ. ಎರಡು ತಿಂಗಳು ಬಿಟ್ಟು ಮತ್ತೆ ಹೋಗಿ. ಆ ಎರಡನೇ ಸಲದ ಭೇಟಿ ಮೊದಲನೆಯದಕ್ಕಿಂತ ಮುಖ್ಯ.

ಯಂತ್ರ ಬಂದು ಮನುಷ್ಯರು ಬಾರದಿದ್ದರೆ ಏನಾಗುತ್ತದೆಂದು ಕೊರೊನಾ ಕಾಲದಲ್ಲಿ ನೋಡಿದ್ದೇವೆ. 2020ರಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು, ಮೊಬೈಲಿಗೆ ವಿಡಿಯೊಗಳು ಬಂದವು. ಆದರೂ ವಿದ್ಯಾಗಮ ಯೋಜನೆಯ ಹೆಸರಿನಲ್ಲಿ ಶಿಕ್ಷಕರು ಅರಳಿಕಟ್ಟೆಗೆ, ದೇವಸ್ಥಾನದ ಜಗಲಿಗೆ ನಡೆದು ಹೋಗಬೇಕಾಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಫೋನಿದ್ದ ಮನೆಯಲ್ಲೂ ಅದು ಅಪ್ಪನ ಜೇಬಿನಲ್ಲಿ ಗದ್ದೆಗೋ ಕೂಲಿಗೋ ಹೋಗುತ್ತಿತ್ತು. ಸಂಜೆ ಬಂದರೆ ಮೊದಲು ಅಣ್ಣನ ಕೈಗೆ, ಆಮೇಲೆ ತಂಗಿಯ ಕೈಗೆ. ಆದ್ದರಿಂದ ಶಿಕ್ಷಕ ಮಿತ್ರರೇ, ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಮನೆಪಾಠ ಕಳಿಸುವ ರೂಢಿಯನ್ನು ದಯಮಾಡಿ ಬಿಡಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅದು ಶಾಲೆ ಬಿಟ್ಟ ಮೇಲೂ ಎರಡು ಗಂಟೆ ತೆರೆದಿರಲಿ. ಹೆಣ್ಣುಮಕ್ಕಳು ಧೈರ್ಯವಾಗಿ ಹೋಗಿ ಕೂರುವಂತೆ ನೋಡಿಕೊಳ್ಳುವುದು ಪಂಚಾಯಿತಿಯವರ ಹೊಣೆ.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಕಾಲಿಟ್ಟ ಮೇಲೆ ಪ್ರಬಂಧ ಬರೆದು ತನ್ನಿ ಎಂದರೆ ಕೆಲವು ಮಕ್ಕಳು ಅಚ್ಚುಕಟ್ಟಾದ ಪುಟಗಳನ್ನು ತರುತ್ತಾರೆ, ಒಂದು ಸಾಲಿನ ಅರ್ಥ ಕೇಳಿದರೆ ಸುಮ್ಮನಾಗುತ್ತಾರೆ. ಇದನ್ನು ನಿಷೇಧಿಸಿ ಗೆಲ್ಲುವುದು ನನಗೆ ಆಗದ ಮಾತೆನಿಸುತ್ತದೆ. ಬದಲಿಗೆ ಮದ್ದೂರು ತಾಲ್ಲೂಕಿನ ಶಿಕ್ಷಕರು ಹೀಗೆ ಮಾಡಿ ನೋಡಬಹುದು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಯಂತ್ರ ಇವೆರಡನ್ನೂ ಬೆರೆಸಿ ಹೇಳಿದರೂ ಅದರ ಮಾತಿನಲ್ಲಿ ಅಳುಕಿರುವುದಿಲ್ಲ. ಶಿವಪುರದ ಬಗ್ಗೆ ಅದನ್ನು ಕೇಳಿ, ಬಂದ ಉತ್ತರವನ್ನು ಮಕ್ಕಳ ಕೈಗಿಟ್ಟು, ಅಲ್ಲಿನ ಸತ್ಯಾಗ್ರಹ ಸೌಧಕ್ಕೆ ಕರೆದೊಯ್ದು, ತಪ್ಪು ಹುಡುಕಿ ಎನ್ನಿ. ಯಾರ ಮಾತನ್ನು ಎಷ್ಟು ನಂಬಬೇಕೆಂದು ಮಕ್ಕಳು ಅಲ್ಲಿ ಕಲಿಯುತ್ತಾರೆ.

ಶಿಕ್ಷಕರ ಹೊರೆ ಇಳಿಸಲು ಇದೇ ತಂತ್ರಜ್ಞಾನ ನೆರವಾಗುವುದೂ ಉಂಟು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಕನ್ನಡದಲ್ಲೂ ಪಾಠಯೋಜನೆ ಸಿದ್ಧಪಡಿಸಿಕೊಡುವ ‘ಶಿಕ್ಷಾ ಕೋಪೈಲಟ್’ ಅನ್ನು ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗ ಸೇರಿ ರೂಪಿಸಿವೆ. ಬರೆಯುವ ಕೆಲಸ ಕಡಿಮೆಯಾಗಿ ಉಳಿದ ಹೊತ್ತು ಮಕ್ಕಳಿಗೆ ಸಿಗಬೇಕು. ಇನ್ನೊಂದು ಆ್ಯಪ್‌ಗೆ ಇನ್ನೊಂದು ವರದಿ ತುಂಬುವುದಕ್ಕೆ ಅದು ಹೋಗದಂತೆ ಶಿಕ್ಷಣ ಇಲಾಖೆಯವರು ನೋಡಿಕೊಳ್ಳಲೆಂದು ಕೈಮುಗಿದು ಕೇಳುತ್ತೇನೆ.

ನಮ್ಮ ಮಕ್ಕಳಿಗೆ ಬೇಕಾದ ಪಾಠಗಳೆಲ್ಲ ಹೊರಗಿನಿಂದಲೇ ಬರಬೇಕಿಲ್ಲ. ಕಿರುಗಾವಲಿನ ಸೈಯದ್ ಘನಿ ಖಾನ್ ತಮ್ಮ ಹೊಲದಲ್ಲಿ ನೂರಾರು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಅಂಥವರ ಮಾತನ್ನು ಮಕ್ಕಳೇ ಫೋನಿನಲ್ಲಿ ದಾಖಲಿಸಿ ಜೀವವೈವಿಧ್ಯದ ಪಾಠ ಮಾಡಬಹುದು. ಶಿಕ್ಷಕರು ತಾವೇ ಬರೆದು ಹಂಚಿಕೊಳ್ಳುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ತಾಣವೂ ಇದೆ. ಆದರೆ ಮಕ್ಕಳ ಮುಖ, ಹೆಸರು, ಅಂಕಪಟ್ಟಿಗಳನ್ನು ಸಿಕ್ಕ ಸಿಕ್ಕ ಗುಂಪಿಗೆ ಹಾಕಬೇಡಿ. 2023ರ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿವರ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ.

ಕೊನೆಗೆ ಹಣದ ಮಾತು. ಟ್ರ್ಯಾಕ್ಟರ್ ಕೊಳ್ಳುವವರು ಡೀಸೆಲ್ಲಿಗೂ ರಿಪೇರಿಗೂ ದುಡ್ಡು ಎತ್ತಿಡುತ್ತಾರೆ. ಶಾಲೆಗೆ ಕೊಡುವಾಗಲೂ ಹಾಗೆಯೇ ಮಾಡೋಣ. ಒಂದು ಲಕ್ಷ ಕೂಡಿದರೆ ಎಪ್ಪತ್ತು ಸಾವಿರಕ್ಕೆ ಸಾಧನ ತಂದು, ಉಳಿದದ್ದನ್ನು ಮೂರು ವರ್ಷದ ಬ್ಯಾಟರಿ, ಇಂಟರ್ನೆಟ್, ರಿಪೇರಿಗೆಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಖಾತೆಯಲ್ಲಿ ಇಡಿ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು ಮುಖ್ಯಮಂತ್ರಿಗಳು 2023ರ ರಾಜ್ಯೋತ್ಸವದಂದು ಘೋಷಿಸಿದರು. ನಿಮ್ಮೂರ ಶಾಲೆಗೆ ಅದು ಸರಿಯಾಗಿ ಸಿಗುತ್ತಿದೆಯೇ ಎಂದು ವಿಚಾರಿಸಿ. ಮುಂದಿನ ಎಸ್‌ಡಿಎಂಸಿ ಸಭೆಗೆ ತಪ್ಪದೆ ಹೋಗಿ, ಇರುವ ಟಿ.ವಿ., ಕಂಪ್ಯೂಟರ್‌ಗಳನ್ನು ಅಲ್ಲಿಯೇ ಹಾಕಿಸಿ ನೋಡಿ. ಕೆಟ್ಟಿರುವುದನ್ನು ಪಟ್ಟಿ ಮಾಡಿ, ಯಾರು ಯಾವಾಗ ಸರಿಪಡಿಸುತ್ತಾರೆಂದು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ ಬನ್ನಿ.