ಹಾಡು ಮುದ್ರಿಸಲು ಯಾವ ಯಂತ್ರ?

ನಾಗಮಂಗಲ ಸೀಮೆಯವರಾದ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದಾಗ ಇದ್ದುದು ಟೇಪಿನ ಯಂತ್ರ. ಇಂದು ಧ್ವನಿಮುದ್ರಣ ಯಂತ್ರವು ಜೇಬಿನಲ್ಲಿ ಅಡಗುತ್ತದೆ. ಕಿಕ್ಕೇರಿಯ ಸುತ್ತಿನ ಹಳ್ಳಿಗಳಿಗೆ ಹೋಗಿ ಅಜ್ಜಿಯರ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಮುದ್ರಿಸಿಕೊಳ್ಳಬಯಸುವ ವಿದ್ಯಾರ್ಥಿಗಳು ಮೊದಲು ಅದರ ಬೆಲೆಯನ್ನು ವಿಚಾರಿಸುತ್ತಾರೆ. ನಾವಾದರೋ ಮೈಕಿನ ದೂರವನ್ನು ವಿಚಾರಿಸಿರೆಂದು ಹೇಳುತ್ತೇವೆ.

ಬಯಲಿನಲ್ಲಿ ಧ್ವನಿಯ ತೀವ್ರತೆಯು ದೂರದ ವರ್ಗಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಎರಡು ಮೀಟರು ದೂರದ ಮೈಕನ್ನು ಅರ್ಧ ಮೀಟರಿಗೆ ತಂದರೆ ಅಜ್ಜಿಯ ದನಿಯ ತೀವ್ರತೆ 16 ಪಟ್ಟು, ಎಂದರೆ 12 ಡೆಸಿಬೆಲ್, ಏರುತ್ತದೆ; ಬೀದಿಯ ಮೋಟಾರುಸೈಕಲ್ಲಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಎಷ್ಟು ದುಬಾರಿಯ ಯಂತ್ರವೂ ದೂರ ನಿಂತು ಈ ಲಾಭವನ್ನು ಕೊಡಲಾರದು. ಆದುದರಿಂದ ಉದ್ದನೆಯ ತಂತಿಯುಳ್ಳ ಸಾಧಾರಣ ಮೈಕು, ಅದಕ್ಕೊಂದು ಗಾಳಿತಡೆಯ ಹೊದಿಕೆ, ಕಿವಿಗೆ ಹೆಡ್‌ಫೋನು, ಇವುಗಳಿಗೆ ಹಣ ಹಾಕುವುದು ಜಾಣತನ. ಕೆರೆಯ ಏರಿಯ ಮೇಲಿನ ಗಾಳಿ ಬರಿಯ ಮೈಕಿಗೆ ಬಡಿದರೆ ಗುಡುಗಿನಂತೆ ಕೇಳುತ್ತದೆ. ಹೆಡ್‌ಫೋನಿಲ್ಲದವನಿಗೆ ಅದು ತಿಳಿಯುವುದು ಮನೆಗೆ ಬಂದ ಮೇಲೆ.

ಮಾನವನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳಾಚೆ ಕೇಳಲಾರದು. ಸೆಕೆಂಡಿಗೆ ಅದರ ಇಮ್ಮಡಿಗೆ ಮೀರಿದ ಮಾದರಿಗಳು ಬೇಕು, 48,000 ಧಾರಾಳವಾಯಿತು. 192,000 ಎಂಬ ಜಾಹೀರಾತಿಗೆ ಮರುಳಾಗಬೇಕಾಗಿಲ್ಲ. (ಬಾವಲಿಗಳ ಕೂಗನ್ನು ಹಿಡಿಯಹೊರಟವರ ಮಾತು ಬೇರೆ.) 24 ಬಿಟ್ಟಿನಂತೆ ಒಂದೇ ಮೈಕಿನಿಂದ ಮುದ್ರಿಸಿದರೆ ಗಂಟೆಗೆ ಸುಮಾರು 520 ಮೆಗಾಬೈಟು; 32 ಗಿಗಾಬೈಟಿನ ಚಿಕ್ಕ ಕಾರ್ಡಿನಲ್ಲಿ ಅರವತ್ತು ಗಂಟೆ ಹಿಡಿಸುತ್ತದೆ. ಹೀಗಿರುವಾಗ ಎಂಪಿ3 ಮಾಡಿ ದನಿಯನ್ನು ಹಿಂಡುವುದೇಕೆ?

ಬ್ಯಾಟರಿ ಎರಡು ಜೊತೆ ಇರಲಿ. ಹಾಡು ಮುಗಿದೊಡನೆ ಅದನ್ನು ಹಾಡಿದ ಅಜ್ಜಿಗೇ ಕೇಳಿಸಬೇಕು. ಬಿಟ್ಟುಹೋದ ಸಾಲನ್ನು ಹೇಳಬಲ್ಲವರು ಅವರೊಬ್ಬರೇ.