ಗಾಲಿಯ ಗುಟ್ಟು
ಕಲಬುರಗಿಯಿಂದ ಹುಮನಾಬಾದಿನತ್ತ ಸಾಗುವ ದಾರಿಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ. ಅಲ್ಲಿ ಹೆದ್ದಾರಿ ಬಿಟ್ಟು ತೋಟದ ಹಾದಿ ಹಿಡಿಯುವ ಮೋಟಾರು ಸೈಕಲ್ಲಿಗೆ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು ತಪ್ಪಿದ್ದಲ್ಲ. ಇವೆರಡರ ಪೆಟ್ಟನ್ನೂ ಸದ್ದಿಲ್ಲದೆ ತಿನ್ನುವುದು ಗಾಲಿಯ ಬೇರಿಂಗು.

ಉಕ್ಕಿನ ಎರಡು ಬಳೆಗಳು, ನಡುವೆ ಉರುಳುವ ಗುಂಡುಗಳು: ಇಷ್ಟೇ ಅದರ ರಚನೆ. ವೇಲ್ಸಿನ ಫಿಲಿಪ್ ವಾನ್ 1794ರಲ್ಲಿಯೇ ಗಾಡಿಯ ಅಚ್ಚಿಗೆಂದು ಇಂಥದಕ್ಕೆ ಪೇಟೆಂಟು ಪಡೆದಿದ್ದ.

ಬೇರಿಂಗು ಸವೆದುದನ್ನು ಅರಿಯುವುದು ಸುಲಭ. ಗಾಲಿಯನ್ನು ನೆಲದಿಂದೆತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದರೆ ಸಡಿಲ ತಿಳಿಯುತ್ತದೆ. ತಿರುಗಿಸಿದರೆ ಗರಗರ ಸದ್ದು ಕೇಳುತ್ತದೆ. ಆಗಲೂ ಅಲಕ್ಷಿಸಿದರೆ ಹಬ್ಬೇ ಸವೆದು ಸಣ್ಣ ಖರ್ಚು ದೊಡ್ಡದಾಗುತ್ತದೆ. ಓಟದ ನಡುವೆ ಬೇರಿಂಗು ಒಡೆದರಂತೂ ಸವಾರನ ಪ್ರಾಣಕ್ಕೇ ಅಪಾಯ.

ಬದಲಿಸುವಲ್ಲಿಯೂ ವಿವೇಕ ಬೇಕು. ಹಳೆಯದನ್ನು ಒಳಗಿನಿಂದ ಸುತ್ತಲೂ ಸಮನಾಗಿ ತಟ್ಟಿ ತೆಗೆಯಬೇಕು. ಹೊಸದನ್ನು ಕೂರಿಸುವಾಗ ಒತ್ತಡ ಹೊರಬಳೆಯ ಮೇಲಷ್ಟೇ ಬೀಳಬೇಕು. ಒಳಬಳೆಗೆ ಬಿದ್ದ ಸುತ್ತಿಗೆಯ ಏಟು ಗುಂಡುಗಳಿಗೆ ತಾಗಿ, ಅವು ಉರುಳುವ ದಾರಿಯಲ್ಲಿ ಗುಳಿ ಬೀಳಿಸುತ್ತದೆ. ಎರಡು ಬೇರಿಂಗುಗಳ ನಡುವಣ ಸ್ಪೇಸರ್ ಕೊಳವೆಯನ್ನು ಮರೆತು ಅಚ್ಚಿನ ನಟ್ಟು ಬಿಗಿದರೆ ಹೊಸದೂ ಬೇಗನೆ ಕೆಡುತ್ತದೆ. ಆಯಿಲ್ ಸೀಲನ್ನೂ ಜೊತೆಯಲ್ಲಿಯೇ ಬದಲಿಸುವುದು ಒಳಿತು. ರಭಸದ ನೀರು ಹಾಯಿಸಿ ಗಾಡಿ ತೊಳೆಯುವಾಗ, ಸವೆದ ಸೀಲಿನ ಅಂಚಿನಿಂದಲೇ ನೀರು ಒಳನುಗ್ಗಿ ಗ್ರೀಸನ್ನು ಕೆಡಿಸುತ್ತದೆ.

ನಸುಕಿನಲ್ಲಿ ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಹೊರಡುವ ಸವಾರ, ಪೆಟ್ರೋಲು ನೋಡಿಕೊಳ್ಳುವಂತೆಯೇ ಗಾಲಿಯನ್ನೂ ಒಮ್ಮೆ ಅಲುಗಿಸಿ ನೋಡುವುದು ಲೇಸು.