ತಾಯಿತಂದೆಗಳ ನಂತರ ಯಾರು?



ನಮ್ಮ ಮನೆಗಳಲ್ಲಿ ಎಲ್ಲರ ಮನಸ್ಸಿನಲ್ಲಿದ್ದರೂ ಯಾರೂ ಬಾಯಿಬಿಟ್ಟು ಆಡದ ಮಾತುಗಳು ಕೆಲವುಂಟು. ಬುದ್ಧಿಯ ಬೆಳವಣಿಗೆ ವಯಸ್ಸಿಗೆ ತಕ್ಕಂತೆ ಆಗದೆ ಉಳಿದ ಮಗನನ್ನೋ ಮಗಳನ್ನೋ ಸಾಕುತ್ತಿರುವ ತಾಯಿತಂದೆಗಳ ಎದೆಯಲ್ಲಿರುವ ಪ್ರಶ್ನೆ ಅಂತಹುದೊಂದು. ‘ನಾವು ಲಿಂಗೈಕ್ಯರಾದ ಮೇಲೆ ಇವನಿಗೆ ಯಾರು?’ ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನು ಮುಂದೂಡುತ್ತ ಬಂದ ಮನೆಗಳಲ್ಲಿ ಅದು ಉತ್ತರವಿಲ್ಲದೆಯೇ ಎದುರಾಗುತ್ತದೆ. ಆಗ ಅದನ್ನು ಎದುರಿಸಬೇಕಾದವರು ತಾಯಿತಂದೆಗಳಲ್ಲ, ಏನೂ ಅರಿಯದ ಆ ಜೀವ. ಆದಕಾರಣ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೆ ಮೀಸಲಿಡಲಾಗಿದೆ.

ಮೊದಲಿಗೆ ಒಂದು ತಿಳಿವಳಿಕೆ ಅಗತ್ಯ. ಬೌದ್ಧಿಕ ವಿಕಲತೆಯೂ ಮಾನಸಿಕ ರೋಗವೂ ಒಂದೇ ಅಲ್ಲ. ರೋಗವು ಯಾವ ವಯಸ್ಸಿನಲ್ಲಾದರೂ ಬರಬಹುದು; ಅದಕ್ಕೆ ಔಷಧವುಂಟು. ಬೌದ್ಧಿಕ ವಿಕಲತೆ, ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇವು ಹುಟ್ಟಿನಿಂದ ಅಥವಾ ಬಾಲ್ಯದಿಂದ ಬಂದ ಸ್ಥಿತಿಗಳು. ಇವನ್ನು ವಾಸಿಮಾಡುವ ಮದ್ದಿಲ್ಲ. ಆದರೆ ಕಲಿಸಿದರೆ ಕಲಿಯುವ ಶಕ್ತಿ ಇವರಲ್ಲಿ ಉಂಟು. ಹೀಗಿರುವಾಗ ಚೀಟಿ ಕಟ್ಟಿಸುವುದರಲ್ಲಿ, ಹರಕೆ ಹೊರುವುದರಲ್ಲಿ, ‘ಮದುವೆಯಾದರೆ ಸರಿಹೋಗುತ್ತಾನೆ’ ಎಂಬ ಭ್ರಮೆಯಲ್ಲಿ ಹತ್ತಾರು ವರ್ಷ ಕಳೆದುಹೋಗುವುದು ವಿಷಾದದ ಸಂಗತಿ. ವಿಷಯವನ್ನು ಮುಚ್ಚಿಟ್ಟು ಮಾಡಿದ ಮದುವೆಯಿಂದ ಒಂದರ ಬದಲು ಎರಡು ಬಾಳುಗಳು ನೋಯುತ್ತವೆ.

2011ರ ಜನಗಣತಿಯಲ್ಲಿ ನಮ್ಮ ದೇಶದ ವಿಕಲಚೇತನರ ಸಂಖ್ಯೆ 2 ಕೋಟಿ 68 ಲಕ್ಷ. ಅವರಲ್ಲಿ ಬುದ್ಧಿಮಾಂದ್ಯರೆಂದು ದಾಖಲಾದವರು ಸುಮಾರು 15 ಲಕ್ಷ. ಮನೆಯವರು ಹೇಳಿಕೊಳ್ಳಲು ನಾಚಿ ಬಿಟ್ಟುಹೋದವರು ಈ ಲೆಕ್ಕದಲ್ಲಿಲ್ಲ. ಇನ್ನೊಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ 1980ರ ದಶಕದ ಆರಂಭದಲ್ಲಿ ಅಮೆರಿಕದಂತಹ ದೇಶದಲ್ಲಿಯೂ ಸುಮಾರು 25 ವರ್ಷವಿತ್ತು. ಹೃದಯದ ಶಸ್ತ್ರಚಿಕಿತ್ಸೆ ಮತ್ತು ಉತ್ತಮ ಔಷಧೋಪಚಾರಗಳ ಫಲವಾಗಿ ಅದು ಈಗ ಅಲ್ಲಿ 60ರ ಆಸುಪಾಸಿಗೆ ಬಂದಿದೆ. ಹಿಂದೆ ಇಂತಹ ಮಕ್ಕಳು ತಾಯಿತಂದೆಗಳ ಕಣ್ಣೆದುರಿಗೇ ಕಣ್ಮುಚ್ಚುತ್ತಿದ್ದರು. ಇನ್ನು ಮುಂದೆ ತಾಯಿತಂದೆಗಳಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಇದು ಸಂತೋಷದ ವಿಷಯವೇ ಹೌದು. ಆದರೆ ಅಜ್ಜಅಜ್ಜಿಯರ ಕಾಲದಲ್ಲಿ ಇಲ್ಲದಿದ್ದ ಹೊಣೆಯೊಂದು ನಮ್ಮ ತಲೆಮಾರಿನ ಮೇಲೆ ಬಿದ್ದಿದೆ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಈ ಹೊಣೆ ಇನ್ನಷ್ಟು ಭಾರ. ಮಳೆ ಕಡಿಮೆಯಾದ ಸೀಮೆ ಇದು. ಶೇಂಗಾ ಬೆಳೆ ಕೈಕೊಟ್ಟ ವರ್ಷ ದುಡಿಯಬಲ್ಲ ಮಕ್ಕಳು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ವೃದ್ಧರು ಮತ್ತು ಅವರ ಸೆರಗು ಹಿಡಿದು ನಿಂತ ನಲವತ್ತು ವರ್ಷದ ‘ಮಗು’. ಎಪ್ಪತ್ತು ದಾಟಿದ ತಾಯಿ ನಲವತ್ತರ ಮಗನಿಗೆ ಸ್ನಾನ ಮಾಡಿಸುವ ಮನೆಗಳು ಯಾವ ಊರಿಗೂ ಹೊಸತಲ್ಲ. ಹದಿನೆಂಟು ವರ್ಷದವರೆಗೆ ಶಾಲೆ ಎಂಬುದಾದರೂ ಒಂದು ಆಸರೆ. ಅಲ್ಲಿಂದ ಮುಂದೆ ಹಗಲು ಕಳೆಯುವುದು ಜಗಲಿಯ ಮೇಲೆ.

ಇಂತಹ ಮಕ್ಕಳು ಹುಟ್ಟುವುದು ಪೂರ್ವಜನ್ಮದ ಕರ್ಮದಿಂದ ಎಂಬ ಮಾತು ನಮ್ಮ ಓಣಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಶರಣ ಧರ್ಮವನ್ನು ನಂಬಿದವರ ಬಾಯಲ್ಲಿ ಈ ಮಾತು ಸಲ್ಲದು. ಹುಟ್ಟಿನ ಕಾರಣದಿಂದ ಒಬ್ಬನನ್ನು ಕೀಳೆಂದು ಎಣಿಸುವುದನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದರು. ನಮ್ಮ ಸಂಪ್ರದಾಯವನ್ನೇ ನೋಡಿರಿ: ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡುವಾಗ ಅದರ ಬುದ್ಧಿಯನ್ನು ಯಾರೂ ಪರೀಕ್ಷಿಸುವುದಿಲ್ಲ. ಓದಬಲ್ಲುದೇ, ಎಣಿಸಬಲ್ಲುದೇ ಎಂದು ಕೇಳಿ ಲಿಂಗ ಕಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಕೂಸಿಗೆ ನಿಬಂಧನೆಯಿಲ್ಲದೆ ಕೊಟ್ಟ ಆ ಸ್ಥಾನವನ್ನು ಅದು ಬೆಳೆದು ದೊಡ್ಡದಾದ ಮೇಲೆ ಹಿಂದಕ್ಕೆ ಪಡೆಯುವ ಅಧಿಕಾರ ನಮಗೆ ಎಲ್ಲಿಂದ ಬಂದೀತು? ಅತಿಥಿಗಳು ಬಂದಾಗ ಒಳಕೋಣೆಗೆ ಕಳಿಸುವುದು, ಮದುವೆ ಜಾತ್ರೆಗಳಿಗೆ ಬಿಟ್ಟುಹೋಗುವುದು, ಇವೆಲ್ಲ ಆ ಸ್ಥಾನವನ್ನು ಹಿಂಪಡೆಯುವ ರೀತಿಗಳೇ ಆಗಿವೆ.

ಇನ್ನು ಕಾಯಕದ ಮಾತು. ಅನುಭವ ಮಂಟಪದ ಶರಣರ ಹೆಸರುಗಳಲ್ಲಿಯೇ ಅವರ ಕೆಲಸ ಬೆಸೆದುಕೊಂಡಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುತ್ತಿದ್ದ ಮಾರಯ್ಯ, ಹಗ್ಗ ಹೊಸೆಯುತ್ತಿದ್ದ ಚಂದಯ್ಯ, ಕಸ ಗುಡಿಸುತ್ತಿದ್ದ ಸತ್ಯಕ್ಕ ಮುಂತಾದವರನ್ನು ನಾವು ಪೂಜ್ಯಭಾವದಿಂದ ನೆನೆಯುತ್ತೇವೆ. ಇವು ಒಂದೇ ಬಗೆಯ ಕ್ರಿಯೆಯನ್ನು ತಾಳ್ಮೆಯಿಂದ ಮತ್ತೆ ಮತ್ತೆ ಮಾಡುವ ಕೆಲಸಗಳು. ಬೌದ್ಧಿಕ ವಿಕಲತೆಯುಳ್ಳ ಅನೇಕರಿಗೆ ಒಗ್ಗುವುದೂ ಇಂತಹ ಕೆಲಸವೇ. ಹಾಗಿರುವಾಗ ಕಾಯಕ ಸಿದ್ಧಾಂತದ ವಾರಸುದಾರರೆನ್ನುವ ನಾವು ಅವರನ್ನು ಕೆಲಸವಿಲ್ಲದೆ ಕೂರಿಸಿ, ಹೊತ್ತಿಗೆ ಅನ್ನ ಹಾಕಿದೆವೆಂದು ತೃಪ್ತರಾಗುವುದು ಸರಿಯೇ?

ನಮ್ಮ ಸೀಮೆಯಲ್ಲಿ ಕೆಲಸಗಳಿಗೆ ಕೊರತೆಯಿಲ್ಲ. ಚಳ್ಳಕೆರೆಯು ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಶೇಂಗಾ ಸುಲಿಯುವುದು, ಕಲ್ಲು ಕಸ ಆರಿಸುವುದು, ಬೀಜ ವಿಂಗಡಿಸುವುದು, ಚೀಲ ಮಡಿಸುವುದು ಕಲಿಸಬಹುದಾದ ಕೆಲಸಗಳು. ಕಂಬಳಿ ನೇಯ್ಗೆಯಲ್ಲಿ ಉಣ್ಣೆ ಬಿಡಿಸಿ ಹಿಂಜುವ ಕೆಲಸವಿದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆ ಸೀರೆಯ ಹಿಂದೆ ನೇಕಾರನ ಕೈ ಒಂದೇ ಅಲ್ಲ, ಕಂಡಿಕೆ ಸುತ್ತುವ ಮನೆಮಂದಿಯ ಕೈಗಳೂ ಇವೆ. ಕುದಾಪುರದ ಬಳಿ ನೆಲೆಯೂರಿರುವ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಲ್ಲಿ ತೋಟ, ಸಸ್ಯಪಾಲನೆ, ಅಡುಗೆಮನೆ ಮೊದಲಾದ ಕೆಲಸಗಳಿಗೆ ಜನ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸರ್ಕಾರಿ ಉದ್ಯೋಗದಲ್ಲಿ ವಿಕಲಚೇತನರಿಗೆ ಶೇಕಡ 4ರ ಮೀಸಲಾತಿಯನ್ನು ವಿಧಿಸಿದ್ದು, ಆಟಿಸಂ, ಬೌದ್ಧಿಕ ವಿಕಲತೆ ಮುಂತಾದವುಗಳನ್ನು ಒಳಗೊಂಡ ಗುಂಪಿಗೆ ಅದರಲ್ಲಿ ಶೇಕಡ 1 ಪಾಲುಂಟು.

ಕಲಿಸುವ ಕ್ರಮಕ್ಕೆ ತಾಳ್ಮೆ ಬೇಕು. ಒಂದು ಕೆಲಸವನ್ನು ಐದಾರು ಸಣ್ಣ ಹಂತಗಳಾಗಿ ಒಡೆಯಬೇಕು. ಕಂಡಿಕೆ ಸುತ್ತುವುದಾದರೆ ಕೊಳವೆಯನ್ನು ಕದಿರಿಗೆ ಸಿಕ್ಕಿಸುವುದು ಒಂದು ಹಂತ, ಎಳೆಯನ್ನು ಹಿಡಿಯುವುದು ಒಂದು ಹಂತ, ರಾಟೆ ತಿರುವುವುದು ಒಂದು ಹಂತ. ಒಂದು ಹಂತ ಕೈಗೆ ಹತ್ತಿದ ಮೇಲೆ ಮಾತ್ರ ಮುಂದಿನದು. ಹೇಳಿ ಕಲಿಸುವುದಕ್ಕಿಂತ ಮಾಡಿ ತೋರಿಸುವುದು ಮೇಲು. ದಿನವೂ ಅದೇ ಜಾಗ, ಅದೇ ಹೊತ್ತು, ಅದೇ ಜೊತೆಗಾರರಿದ್ದರೆ ಅಂಜಿಕೆ ಕಳೆಯುತ್ತದೆ. ಆರು ತಿಂಗಳು ಹಿಡಿದರೂ ಕಲಿತ ಕೆಲಸವನ್ನು ಬಿಡದೆ ಮಾಡುತ್ತಾರೆ.

ಇಲ್ಲಿ ಎಚ್ಚರವೊಂದು ಅಗತ್ಯ. ‘ಪಾಪ, ಅವನಿಗೇನು ತಿಳಿಯುತ್ತದೆ’ ಎಂದು ದಿನವಿಡೀ ದುಡಿಸಿ ಒಂದು ಲೋಟ ಚಹಾ ಕೊಟ್ಟು ಕಳಿಸುವುದು ದಯೆಯಲ್ಲ, ಶೋಷಣೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಡನೆ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಬೆಸೆದುಕೊಂಡಿದೆ. ಮಾಡಿದ ಕೆಲಸಕ್ಕೆ ತಕ್ಕ ಪ್ರತಿಫಲ ಸಲ್ಲಬೇಕೆಂಬ ಈ ನೀತಿ ಬುದ್ಧಿವಂತರಿಗೆ ಮಾತ್ರ ಅನ್ವಯಿಸುವುದಲ್ಲ. ಕೂಲಿಯನ್ನು ಅವನ ಕೈಗೇ ಕೊಟ್ಟು, ಅವನ ಹೆಸರಿನ ಬ್ಯಾಂಕ್ ಖಾತೆಗೆ ಅವನೆದುರಿನಲ್ಲಿಯೇ ಕಟ್ಟಿಸಿರಿ. ದುಡಿದ ಹಣದಲ್ಲಿ ತಾಯಿಗೆ ಒಂದು ಮೊಳ ಹೂವು ತಂದುಕೊಡುವ ಮಗನನ್ನು ಮನೆಯವರು ನೋಡುವ ನೋಟವೇ ಬದಲಾಗುತ್ತದೆ.

ಮೂರನೆಯದು ಕಾಗದಪತ್ರಗಳ ವಿಷಯ. ಮಗನಿಗೆ ಹದಿನೆಂಟು ತುಂಬಿದೊಡನೆ ಕಾನೂನಿನ ದೃಷ್ಟಿಯಲ್ಲಿ ಅವನು ವಯಸ್ಕ. ತಾಯಿತಂದೆಗಳ ಸಹಜ ಪಾಲಕತ್ವ ಅಲ್ಲಿಗೆ ಮುಗಿಯುತ್ತದೆ. ಇದನ್ನು ತಿಳಿಯದೆ ಜಮೀನಿನ, ಬ್ಯಾಂಕಿನ ವ್ಯವಹಾರಗಳಲ್ಲಿ ತೊಡಕಿಗೆ ಸಿಲುಕುವವರು ಬಹಳ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆ ಉಳ್ಳವರಿಗಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆ ಬಂದಿತು. ಅದರಂತೆ ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು. ಪಾಲಕರು ಬೇಕೇ, ಯಾವ ಉದ್ದೇಶಕ್ಕೆ ಬೇಕು ಎಂಬುದನ್ನು ಸಮಿತಿ ಪರಿಶೀಲಿಸುತ್ತದೆ. ನೇಮಕಗೊಂಡವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಆಮೇಲೆ ವರ್ಷವರ್ಷವೂ ಲೆಕ್ಕವನ್ನೂ ಒಪ್ಪಿಸಬೇಕು. ‘ಅಣ್ಣನೇ ನೋಡಿಕೊಳ್ಳುತ್ತಾನೆ’ ಎಂಬ ಬಾಯಿಮಾತಿಗಿಂತ ಇದು ಭದ್ರ. ಅಣ್ಣನಿಗೂ ಇದು ಅಪವಾದದಿಂದ ರಕ್ಷಣೆ.

ಇದರೊಂದಿಗೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಮಾಸಾಶನ, ರಾಷ್ಟ್ರೀಯ ನ್ಯಾಸದ ಮೂಲಕ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ‘ನಿರಾಮಯ’ ಆರೋಗ್ಯ ವಿಮೆ ಇವನ್ನು ಮಾಡಿಸಿಕೊಳ್ಳಬೇಕು. ಹಳೆಯ ಪಿಂಚಣಿ ನಿಯಮಗಳಿಗೆ ಒಳಪಟ್ಟ ಸರ್ಕಾರಿ ನೌಕರರು ಸಂಪಾದನೆಗೆ ಶಕ್ತರಲ್ಲದ ಇಂತಹ ಮಕ್ಕಳ ಹೆಸರನ್ನು ಕುಟುಂಬ ಪಿಂಚಣಿಗಾಗಿ ತಾವು ಬದುಕಿರುವಾಗಲೇ ದಾಖಲಿಸುವುದು ಕ್ಷೇಮ. ಮೊಳಕಾಲ್ಮೂರಿನ ಹಳ್ಳಿಯಿಂದ ಚಿತ್ರದುರ್ಗಕ್ಕೆ ಹೋಗಿಬರಲು ಬಡವನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಮೊದಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಬೇಕಾದ ಕಾಗದಗಳನ್ನೆಲ್ಲ ಕೇಳಿ ತಿಳಿದು ಹೊರಡುವುದು ಲೇಸು.

ಕೊನೆಯದು ವಸತಿಯ ಪ್ರಶ್ನೆ. ದೂರದ ಊರಿನ ದೊಡ್ಡ ಆಶ್ರಮಕ್ಕೆ ಬಿಟ್ಟುಬರುವುದೊಂದೇ ದಾರಿಯೆಂದು ಹಲವರು ತಿಳಿದಿದ್ದಾರೆ. ಊರು, ಭಾಷೆ, ಗುರುತಿನ ಮುಖಗಳು ಎಲ್ಲವನ್ನೂ ಒಮ್ಮೆಗೇ ಕಳೆದುಕೊಂಡವನು ಅಲ್ಲಿ ಬಾಡಿಹೋಗುತ್ತಾನೆ. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯು, ಎಲ್ಲರೊಡನೆ ಸಮಾಜದ ನಡುವೆಯೇ ಬಾಳುವುದು ವಿಕಲಚೇತನರ ಹಕ್ಕೆಂದು ಸಾರಿದೆ. ಬೆಂಗಳೂರಿನಲ್ಲಿ 1970ರಲ್ಲಿ ಆರಂಭವಾದ ಆಶಾನಿಕೇತನದಲ್ಲಿ ಬೌದ್ಧಿಕ ವಿಕಲತೆಯುಳ್ಳವರೂ ಅವರ ಸಹಾಯಕರೂ ಒಂದೇ ಮನೆಯವರಂತೆ ಬಾಳುವ ಪದ್ಧತಿ ಬೆಳೆದುಬಂದಿದೆ. ನೆರೆಯ ಕೇರಳದಲ್ಲಿ 2004ರಿಂದೀಚೆಗೆ ಪಂಚಾಯಿತಿಗಳೇ ‘ಬಡ್ಸ್’ ಎಂಬ ಶಾಲೆಗಳನ್ನು ತೆರೆದವು. ಹದಿನೆಂಟು ದಾಟಿದವರಿಗೆ ಹಗಲು ಕಳೆಯಲು, ಕೆಲಸ ಕಲಿಯಲು ಪುನರ್ವಸತಿ ಕೇಂದ್ರಗಳನ್ನೂ ನಡೆಸುತ್ತಿವೆ.

ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನ ಕಥೆ ಭಕ್ತರಿಗೆ ವಿಶೇಷವಾಗಿ ಹಿಡಿಸೀತು. ಅದೂ ಒಂದು ಕ್ಷೇತ್ರ. ಮನೋರೋಗಿಗಳನ್ನೂ ಬುದ್ಧಿಮಾಂದ್ಯರನ್ನೂ ಕರೆದುಕೊಂಡು ಯಾತ್ರಿಕರು ಮಧ್ಯಯುಗದಿಂದಲೂ ಅಲ್ಲಿನ ಸಂತಳೊಬ್ಬಳ ಗುಡಿಗೆ ಬರುತ್ತಿದ್ದರು. ಗುಡಿಯಲ್ಲಿ ಜಾಗ ಸಾಲದಾದಾಗ ಊರಿನ ಒಕ್ಕಲು ಮನೆಗಳು ಅವರನ್ನು ಒಳಗೆ ಕರೆದವು. ಹಾಗೆ ಬಂದವರು ಹೊಲದಲ್ಲಿ ದುಡಿಯುತ್ತ, ಮನೆಯವರೊಡನೆ ಉಣ್ಣುತ್ತ ಬಾಳಿದರು. 1930ರ ದಶಕದ ಕೊನೆಗೆ ಅಂಥವರ ಸಂಖ್ಯೆ ಮೂರೂವರೆ ಸಾವಿರವನ್ನೂ ಮೀರಿತ್ತು. ಈಗ ಸಂಖ್ಯೆ ಬಹಳ ಇಳಿದಿದ್ದರೂ ಪದ್ಧತಿ ನಿಂತಿಲ್ಲ. ಮಠದ ಪ್ರಸಾದ, ಜಾತ್ರೆಯ ದಾಸೋಹಗಳನ್ನು ನಡೆಸಿ ಬಲ್ಲ ನಮಗೆ ಇದು ಅರ್ಥವಾಗದ ಮಾತಲ್ಲ.

ನಮ್ಮಿಂದ ಆಗಬಹುದಾದುದು ಇಷ್ಟು. ಒಂದು ಹೋಬಳಿಯ ಐದಾರು ಕುಟುಂಬಗಳು ತಿಂಗಳಿಗೊಮ್ಮೆ ಸೇರಲಿ. ಸಮುದಾಯ ಭವನಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿರುತ್ತವೆ. ಅದರ ಒಂದು ಕೋಣೆ ಹಗಲುಹೊತ್ತಿನ ಕೆಲಸದ ಮನೆಯಾಗಲಿ. ಗ್ರಾಮ ಪಂಚಾಯಿತಿಗಳು ತಮ್ಮ ನಿಧಿಯಲ್ಲಿ ಶೇಕಡ 5ನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಅದು ಹೇಗೆ ವೆಚ್ಚವಾಯಿತೆಂದು ಗ್ರಾಮಸಭೆಯಲ್ಲಿ ಕೇಳೋಣ. ಮಠದ ಅಥವಾ ಪಾಲಕರ ಸಂಘವೊಂದು ರಾಷ್ಟ್ರೀಯ ನ್ಯಾಸದಲ್ಲಿ ನೋಂದಾಯಿಸಿಕೊಂಡರೆ ಹಗಲು ಆರೈಕೆಗೆ ‘ದಿಶಾ’, ‘ವಿಕಾಸ್’, ವಸತಿಗೆ ‘ಸಮರ್ಥ್’, ‘ಘರೌಂದಾ’ ಯೋಜನೆಗಳ ಮೂಲಕ ಪ್ರಯತ್ನಿಸಬಹುದು. ಆರೇಳು ಜನ ಇರುವ ಒಂದು ಮನೆ, ಒಬ್ಬ ಅಡುಗೆಯವರು, ಇಬ್ಬರು ನೋಡಿಕೊಳ್ಳುವವರು, ನಡೆದುಹೋಗುವಷ್ಟು ದೂರದಲ್ಲಿ ಕೆಲಸ: ಇಷ್ಟಿದ್ದರೆ ಸಾಕು. ತಾಯಿತಂದೆಗಳು ಗಟ್ಟಿಯಿರುವಾಗಲೇ ವಾರಕ್ಕೆ ಎರಡು ರಾತ್ರಿ ಅಲ್ಲಿ ಮಲಗುವ ರೂಢಿ ಮಾಡಿಸಿದರೆ ಮುಂದೆ ಅಗಲಿಕೆಯ ದಿನ ಅವನಿಗೆ ಹೊಸ ಮನೆ ಹೊಸದಾಗಿರುವುದಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ತಾಯಿತಂದೆಗಳ ಮಾತು ನಡೆಸಬೇಕು, ಜೀವಿಗಳಲ್ಲಿ ದಯೆಯಿರಬೇಕು ಎಂದು ಹೇಳುವ ಆ ಶಾಸನವು, ಸಾಧನೆಯ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಿಸಿದರೆ ಸಣ್ಣವರಿಗೂ ಅದು ದಕ್ಕುತ್ತದೆ ಎಂಬ ಆಶಯವನ್ನೂ ಸಾರುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳಿಂದ ನಮ್ಮ ಬೆಟ್ಟದ ಮೇಲಿರುವ ಈ ಮಾತಿಗೆ ಶರಣರು ಕಾಯಕ, ದಾಸೋಹಗಳ ಮೂಲಕ ಬದುಕಿನ ರೂಪ ಕೊಟ್ಟರು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂತಹ ಜೀವವಿದ್ದರೆ, ಬರುವ ಹುಣ್ಣಿಮೆಯೊಳಗೆ ಎರಡು ಕೆಲಸ ಮಾಡಿರಿ. ಗುರುತಿನ ಚೀಟಿಯೂ ಪಾಲಕತ್ವದ ಕಾಗದವೂ ಇವೆಯೇ ಎಂದು ನೋಡಿರಿ. ಮತ್ತು ಅವರನ್ನು ಕೈಹಿಡಿದು ಮಠಕ್ಕೆ ಕರೆತಂದು, ಪಂಕ್ತಿಯಲ್ಲಿ ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಪ್ರಸಾದ ಸ್ವೀಕರಿಸಿರಿ.